ಊರಿನ ತಿಂಡಿ

ನೈರೋಬಿಯ ಸ್ಪ್ರಿಂಗ್ ವ್ಯಾಲಿಯ ಫ್ಲ್ಯಾಟಿಗೆ ಬಂದು ಒಂದು ಲೋಟ ಕಾಫಿ ಹೊಟ್ಟೆಗೆ ಬಿದ್ದದ್ದೇ ತಡ, ರುಕ್ಮಿಣಿ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸೂಟ್‌ಕೇಸ್ ಬಿಚ್ಚಿದಳು. ಏಳು ತಿಂಗಳ ಬಸುರಿ ಮಗಳು ಜಾಹ್ನವಿ ಸೋಫಾದ ಮೇಲೆ ಕಾಲು ಚಾಚಿ, ಚಿಕ್ಕ ಹುಡುಗಿಯ ಹಾಗೆ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು. ಹುಣಿಸೆಹಣ್ಣಿನ ಚಿಗಳಿ ಹೊರಗೆ ಬಂತು. ಕೋಡುಬಳೆಯ ಡಬ್ಬ ಬಂತು. ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ ಪುಡಿ, ಮೆಂತ್ಯದ ಹಿಟ್ಟು, ಬಾಣಂತಿಯ ಲೇಹ್ಯಕ್ಕೆಂದು ಒಣಶುಂಠಿ, ಹಿಪ್ಪಲಿ, ಎಲ್ಲದರ ತಳದಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಹಿತ್ತಾಳೆಯ ಚಕ್ಕುಲಿ ಒರಳು. ಒಂದೊಂದನ್ನೂ ಎತ್ತಿ ಹಿಡಿದು, ಯಾವ ಅಂಗಡಿಯ ಮೆಣಸಿನಕಾಯಿ, ಯಾವ ಹದದಲ್ಲಿ ಹುರಿದದ್ದು ಎಂದೆಲ್ಲ ವರ್ಣಿಸಿ ನೆಲದ ಮೇಲೆ ಸಾಲಾಗಿ ಇಟ್ಟಳು.

ಸೂಟ್‌ಕೇಸು ಖಾಲಿಯಾಯಿತು. ಜಾಹ್ನವಿಯ ಕುತ್ತಿಗೆ ಇನ್ನೂ ಉದ್ದವಾಗಿಯೇ ಇತ್ತು.

"ಅಷ್ಟೇನಾ ಅಮ್ಮಾ?"

"ಅಷ್ಟೇನಾ ಅಂದ್ರೆ? ಇನ್ನೂ ಎಷ್ಟು ಹೊರಬೇಕಿತ್ತೇ ನಾನು?"

"ಅಲ್ಲಾ, ಫೋನಲ್ಲಿ ಹೇಳಿದ್ನಲ್ಲ. ಊರಿಂದ ತಿನ್ನೋಕೆ ಏನಾದ್ರೂ ತಾ ಅಂತ."

"ಇದೇನು ಮತ್ತೆ? ಊರಿನ ತಿಂಡಿ ಅಲ್ದೆ ಇನ್ನೇನು ಇದು?"

ಜಾಹ್ನವಿ ಡಬ್ಬಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಊರು ಅಂದ್ರೆ ನಮ್ಮೂರಮ್ಮಾ. ಎಸ್ಲಿಂಗನ್," ಎಂದು ಮೆಲ್ಲಗೆ ಹೇಳಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ಎದ್ದು ಒಳಗೆ ಹೋದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ರುಕ್ಮಿಣಿ ಬಂದದ್ದು ಮೈಸೂರಿನಿಂದಲ್ಲ, ಜರ್ಮನಿಯಿಂದ. ಮದುವೆಯಾದ ಹೊಸತರಲ್ಲಿ ಗಂಡ ಕೃಷ್ಣಪ್ರಸಾದನ ಹಿಂದೆ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್ ಎಂಬ ಸಣ್ಣ ಪಟ್ಟಣಕ್ಕೆ ಹೋದವಳು ಅಲ್ಲೇ ನೆಲೆಯೂರಿದ್ದಳು. ಅವನಿಗೆ ಯಂತ್ರದ ಕಾರ್ಖಾನೆಯಲ್ಲಿ ಕೆಲಸ, ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿಯ ಕೆಲಸ. ಜಾಹ್ನವಿ ಹುಟ್ಟಿದ್ದು, ಓದಿದ್ದು, ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡದ್ದು ಎಲ್ಲ ಅಲ್ಲೇ. ಆದರೆ ಆ ಮನೆಯಲ್ಲಿ ಊರು ಎಂಬ ಶಬ್ದಕ್ಕೆ ಇದ್ದದ್ದು ಒಂದೇ ಅರ್ಥ, ಮೈಸೂರು. ಊರಿಗೆ ಫೋನ್ ಮಾಡು, ಊರಿಂದ ಉಪ್ಪಿನಕಾಯಿ ಬಂತು, ರಜೆಗೆ ಊರಿಗೆ ಹೋಗೋಣ. ರಜೆಯಲ್ಲಿ ಹೋಗಿ ಮೈತುಂಬ ಸೊಳ್ಳೆ ಕಚ್ಚಿಸಿಕೊಂಡು ಬರುತ್ತಿದ್ದ ಮಗಳೂ ಆ ಶಬ್ದವನ್ನು ಅದೇ ಅರ್ಥದಲ್ಲಿ ಕಲಿತಿದ್ದಾಳೆಂದು ರುಕ್ಮಿಣಿ ನಂಬಿದ್ದಳು. ಕಲಿತಿರಲಿಲ್ಲ ಎಂಬುದು ಈಗ, ನೈರೋಬಿಯ ನೆಲದ ಮೇಲೆ ಕೋಡುಬಳೆ ಹರಡಿಕೊಂಡು ಕೂತಾಗ ಗೊತ್ತಾಯಿತು.

ಗಾಯಕ್ಕೆ ಉಪ್ಪು ಸವರಲೆಂಬಂತೆ ಅದೇ ಸಂಜೆ ಕೆಳಗಿನ ಫ್ಲ್ಯಾಟಿನ ಓಲಿಂಡಾ ಬಂದಳು. ಮಂಗಳೂರಿನ ಕಡೆಯವಳು, ಮದುವೆಯಾಗಿ ನೈರೋಬಿಗೆ ಬಂದು ಇಲ್ಲೇ ತಲೆ ಹಣ್ಣಾದವಳು. ಜಾಹ್ನವಿಗೆ ಈ ಪರದೇಶದಲ್ಲಿ ಇದ್ದ ಒಬ್ಬಳೇ ಹಿರಿಯಳು. ನೆಲದ ಮೇಲಿನ ಸಂತೆ ನೋಡಿ ಗಲ್ಲಕ್ಕೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ, ಹುಣಿಸೆಹುಳಿ ಜರ್ಮನಿಯಿಂದ ಹೊತ್ತುಕೊಂಡು ಬಂದದ್ದಾ ನೀವು? ಇಲ್ಲಿ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಗುಜರಾತಿ ಅಂಗಡಿಗೆ ಹೋದ್ರೆ ಮೂಟೆ ಮೂಟೆ ಬಿದ್ದುಕೊಂಡುಂಟು ಮಾರಾಯ್ರೆ!"

ರುಕ್ಮಿಣಿ ನಕ್ಕಳು. ನಗದೆ ಏನು ಮಾಡುವುದು? ನೈರೋಬಿಯಲ್ಲಿ ಕಾಲಿಗೆ ತೊಡರುವಷ್ಟು ಸಿಗುವುದನ್ನೆಲ್ಲ ಹೊತ್ತು ತಂದು, ಹುಡುಕಿದರೂ ಸಿಗದ್ದನ್ನು ಮನೆಯ ಎದುರಿನ ಅಂಗಡಿಯಲ್ಲೇ ಬಿಟ್ಟು ಬಂದಿದ್ದಳು.

ಅವಳಿಗೆ ಈಗ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ. ಮಗಳ ಬಾಣಂತನ ತಾನು ಮಾಡಬೇಕು. ಅದಕ್ಕಾಗಿಯೇ ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡಿದ್ದಳು. ಜಾಹ್ನವಿ ಕೂಸಾಗಿದ್ದಾಗ ಲ್ಯಾಬಿನ ಪಾಳಿ ಅವಳನ್ನು ಹಿಂಡಿ ಹಾಕಿತ್ತು. ಮಗು ಮೊದಲ ಹೆಜ್ಜೆ ಇಟ್ಟದ್ದನ್ನೂ ಯಾರೋ ಹೇಳಿ ಕೇಳಿದ್ದು. ಈ ಮಗುವಿಗೆ ಎಣ್ಣೆ ಹಚ್ಚುವುದು, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು, ಎಲ್ಲ ತನ್ನ ಕೈಯಲ್ಲೇ ಆಗಬೇಕು. ಆದರೆ ಜಾಹ್ನವಿ ಹೂಂ ಎಂದಿರಲಿಲ್ಲ. ಕೇಳಿದಾಗಲೆಲ್ಲ "ನೋಡೋಣಮ್ಮಾ" ಎನ್ನುತ್ತಿದ್ದಳು. ಅತ್ತ ಮೈಸೂರಿನಲ್ಲಿ ಅಳಿಯ ಸಂಕೇತನ ತಾಯಿ ಬರಲು ತುದಿಗಾಲಲ್ಲಿ ನಿಂತಿದ್ದರು. ಸಂಕೇತ ಇಲ್ಲಿನ ಒಂದು ಭಾರತೀಯ ಔಷಧ ಕಾರ್ಖಾನೆಯಲ್ಲಿ ಮ್ಯಾನೇಜರು; ಒಳ್ಳೆಯ ಹುಡುಗ, ಯಾರನ್ನೂ ನೋಯಿಸಬಾರದೆಂದು ಎರಡೂ ಕಡೆ ತಲೆಯಾಡಿಸುವ ಜಾತಿ.

ತಾಯಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ರುಕ್ಮಿಣಿಯ ಅಜ್ಜಿ ಹೇಳುತ್ತಿದ್ದರು. ಕಿವಿ ಯಾಕೆ ಸೋರುತ್ತದೆ ಎಂದು ಲ್ಯಾಬಿನಲ್ಲಿ ಎಷ್ಟೋ ಸಲ ಗಾಜಿನ ಪಟ್ಟಿಯ ಮೇಲೆ ಕಣ್ಣಾರೆ ನೋಡಿದವಳೇ ರುಕ್ಮಿಣಿ. ಆದರೂ ಅಜ್ಜಿಯ ಮಾತನ್ನು ಬಿಟ್ಟವಳಲ್ಲ. ದಿನಕ್ಕೊಂದು ಅಡುಗೆ ಮಾಡಿದಳು. ಮಾವಿನಕಾಯಿ ಚಿತ್ರಾನ್ನ, ಹಾಗಲಕಾಯಿ ಗೊಜ್ಜು, ಹಾಲು ಹೋಳಿಗೆ. ಜಾಹ್ನವಿ ಎರಡು ತುತ್ತು ತಿಂದು, "ಚೆನ್ನಾಗಿದೆಮ್ಮಾ, ಸಾಕು," ಎನ್ನುತ್ತಿದ್ದಳು. ಆ ಚೆನ್ನಾಗಿದೆ ಎಂಬ ಮಾತು ಕೇಳಿ ಕೇಳಿ ರುಕ್ಮಿಣಿಗೆ ಕಿವಿ ಉರಿಯತೊಡಗಿತು.

ಶನಿವಾರ ಬೆಳಿಗ್ಗೆ ಜಾಹ್ನವಿ ಚೀಲ ಹಿಡಿದು ಹೊರಟು ನಿಂತಿದ್ದಳು. ಲಂಗಾಟಾದಲ್ಲಿ ಒಬ್ಬ ಜರ್ಮನ್ ಹೆಂಗಸು ಮನೆಯ ಹಿಂದೆ ಒಲೆ ಕಟ್ಟಿಸಿಕೊಂಡು ವಾರಕ್ಕೊಮ್ಮೆ ಬ್ರೆಡ್ ಮಾರುತ್ತಾಳೆಂದು ಓಲಿಂಡಾ ಪತ್ತೆ ಮಾಡಿದ್ದಳು. ಅದಕ್ಕೂ ಮುಂಚೆ ಇಬ್ಬರೂ ಸೇರಿ ಊರೆಲ್ಲ ಜಾಲಾಡಿದ್ದರಂತೆ. ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಹುಳಿ ಬರಿಸಿದ ಎಲೆಕೋಸಿನ ಬಾಟಲಿ ಸಿಕ್ಕಿತ್ತು, ಇನ್ನೊಂದರಲ್ಲಿ ಸಾಸಿವೆ ಅರೆದದ್ದರ ಟ್ಯೂಬು.

"ನಾನೂ ಬರ್ತೀನಿ," ಎಂದಳು ರುಕ್ಮಿಣಿ.

"ನಿಂಗೆ ಬೋರಾಗತ್ತೆ ಅಮ್ಮಾ."

"ಬನ್ನಿ ಬನ್ನಿ, ಕಾರಲ್ಲಿ ಜಾಗ ಉಂಟು," ಎಂದಳು ಓಲಿಂಡಾ, ಪಾಪ, ಏನೂ ಅರಿಯದೆ.

ಲಂಗಾಟಾದ ಆ ಮನೆಯ ಗೇಟಿನೊಳಗೆ ಒಂದು ಮೇಜು, ಮೇಜಿನ ಮೇಲೆ ಕಪ್ಪು ಬ್ರೆಡ್ಡು, ಗಂಟು ಹಾಕಿದಂತೆ ತಿರುಚಿ ಉಪ್ಪಿನ ಹರಳು ಉದುರಿಸಿದ ಬ್ರೆಟ್ಸೆಲ್ಲು. ಜಾಹ್ನವಿ ಅಲ್ಲೇ ನಿಂತು ಒಂದು ಬ್ರೆಟ್ಸೆಲ್ ಮುರಿದು ಬಾಯಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಆ ಮುಖ! ಬಂದಾಗಿನಿಂದ ರುಕ್ಮಿಣಿ ಆ ಮುಖಕ್ಕಾಗಿಯೇ ಒಲೆಯ ಮುಂದೆ ಬೆಂದಿದ್ದಳು. ಅದೀಗ ಯಾರದೋ ಗೇಟಿನಲ್ಲಿ, ಮೈದಾ ಹಿಟ್ಟಿನ ಗಂಟೊಂದಕ್ಕೆ ಸಿಕ್ಕಿತ್ತು. ಅವಳಿಗೆ ಹೊಟ್ಟೆ ಉರಿಯಿತು. ಬ್ರೆಡ್ಡಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ನಾಚಿಕೆಯೂ ಆಯಿತು.

ಆ ಹೆಂಗಸು ಜಾಹ್ನವಿಯ ಜರ್ಮನ್ ಕೇಳಿ ಹಿಗ್ಗಿದಳು. ಅವಳೂ ಅದೇ ಸೀಮೆಯವಳಂತೆ. ಇಬ್ಬರೂ ಅಲ್ಲಿನ ಹಳ್ಳಿಯ ರಾಗದಲ್ಲೇ ಮಾತಿಗಿಳಿದರು.

"ನಿಮಗೆ ಬೇಳೆಯ ಜೊತೆ ಷ್ಪೆಟ್ಸ್ಲೆ ಮಾಡೋದು ಗೊತ್ತಾ?" ಎಂದು ಕೇಳಿದಳು ಜಾಹ್ನವಿ. "ನನ್ನ ಓಮಾ ಮಾಡ್ತಿದ್ದಳು. ಹೊಟ್ಟೆಯಲ್ಲಿ ಮಗು ನಿಂತಾಗಿನಿಂದ ನನಗೆ ಅದೊಂದೇ ನೆನಪು. ಕನಸಲ್ಲೂ ಬರುತ್ತೆ."

ಓಮಾ ಎಂದರೆ ಅಜ್ಜಿ. ಷ್ಪೆಟ್ಸ್ಲೆ ಎಂದರೆ ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಕುದಿಯುವ ನೀರಿಗೆ ಬಿಟ್ಟು ಮಾಡುವ, ಶ್ಯಾವಿಗೆಯಂಥ ಪದಾರ್ಥ. ಹೆಂಗಸು ತಾನು ಬ್ರೆಡ್ಡು ಬಿಟ್ಟು ಬೇರೇನೂ ಮಾಡುವುದಿಲ್ಲವೆಂದು ಮರುಗಿದಳು. ಆಮೇಲೆ ಸೀರೆಯುಟ್ಟು ಬ್ಯಾಗು ಎದೆಗವಚಿಕೊಂಡು ನಿಂತಿದ್ದ ರುಕ್ಮಿಣಿಯ ಕಡೆ ತಿರುಗಿ ಮುಗುಳ್ನಕ್ಕು, ಜರ್ಮನ್‌ನಲ್ಲೇ ಕೇಳಿದಳು, "ಇವರು ನಿಮ್ಮ ಅತ್ತೆಯವರಾ?"

ಜಾಹ್ನವಿ ಒಂದು ಕ್ಷಣ ತಡೆದಳು. ಜರ್ಮನ್ ಅಜ್ಜಿಯ ಕಥೆ ಹೇಳಿ ಆಗಿತ್ತು. ಈಗ ಇವಳು ಅಮ್ಮ ಎಂದರೆ ಆ ಕಥೆ ನಿಲ್ಲುವುದಿಲ್ಲ.

"ಯಾ," ಎಂದಳು. ಹೌದು.

ರುಕ್ಮಿಣಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಷ್ಟರಲ್ಲಿ ಆ ಹೆಂಗಸು ಅವಳಿಗೂ ಒಂದು ತುಣುಕು ಬ್ರೆಡ್ಡು ಚಾಚಿ, ಕಿವುಡರಿಗೆ ಹೇಳುವಂತೆ ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ, "ಯೂ ಲೈಕ್ ಬ್ರೆಡ್?" ಎಂದಳು. ಆ ಸೀಮೆಯ ರೋಗಿಗಳ ಕೈಯಿಂದ ವರ್ಷಾನುಗಟ್ಟಲೆ ರಕ್ತ ತೆಗೆಯುತ್ತಾ ಕಲಿತ ಅಪ್ಪಟ ಎಸ್ಲಿಂಗನ್ ರಾಗದಲ್ಲಿ ರುಕ್ಮಿಣಿ ಹೇಳಿದಳು, "ನಾನು ಮೂವತ್ತು ವರ್ಷದಿಂದ ಅಲ್ಲೇ ಇದೀನಿ. ನಿಮ್ಮ ಬ್ರೆಡ್ಡಿನ ಮೇಲ್ಭಾಗ ಇನ್ನೂ ಸ್ವಲ್ಪ ಬೇಯಬೇಕಿತ್ತು. ಮತ್ತೆ, ಇವಳನ್ನ ಹೆತ್ತವಳು ನಾನೇ."

ಹೆಂಗಸಿನ ಮುಖ ಕೆಂಪಾಯಿತು. ಜಾಹ್ನವಿಯ ಮುಖ ಅದಕ್ಕಿಂತ ಕೆಂಪಾಯಿತು. ಓಲಿಂಡಾ ಒಂದಕ್ಷರವೂ ತಿಳಿಯದೆ, "ಅಸಾಂಟೆ, ಅಸಾಂಟೆ," ಎಂದು ಸಿಕ್ಕಿದವರಿಗೆಲ್ಲ ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿ ಇಬ್ಬರನ್ನೂ ಕಾರಿಗೆ ಹತ್ತಿಸಿದಳು.

ಲಂಗಾಟಾ ರಸ್ತೆಯಲ್ಲಿ ಕಾರು ಬಾಡಿಗೆಯ ಮಟಾಟು ವ್ಯಾನುಗಳ ನಡುವೆ ಸಿಕ್ಕಿಕೊಂಡಿತು. ಓಲಿಂಡಾಳಿಗೆ ತಿಳಿಯಬಾರದೆಂದು ಹಿಂದಿನ ಸೀಟಿನಲ್ಲಿ ಜಗಳ ಜರ್ಮನ್‌ನಲ್ಲಿ ಶುರುವಾಯಿತು. ಆದರೆ ರುಕ್ಮಿಣಿಗೆ ಆ ಭಾಷೆಯಲ್ಲಿ ವರದಿ ಬರೆಯಲು ಬರುತ್ತಿತ್ತೇ ಹೊರತು ಬೈಯಲು ಬರುತ್ತಿರಲಿಲ್ಲ. ನಾಲ್ಕು ಮಾತಿಗೆಲ್ಲ ಕನ್ನಡಕ್ಕೆ ಇಳಿದಳು.

"ಓಮಾ ಅಂತೆ ಓಮಾ! ಮೈಸೂರಲ್ಲಿ ಇಬ್ಬರು ಅಜ್ಜಿಯರು ನಿನ್ನ ಹೆಸರಲ್ಲಿ ತುಪ್ಪದ ದೀಪ ಹಚ್ಚಿದ್ರು ಕಣೇ. ಆ ಫ್ರಾವ್ ಹೇಬರ್ಲೆ ಯಾರು? ಕೆಳಗಿನ ಮನೆಯ ಮುದುಕಿ. ನೀನು ಸ್ಕೂಲಿಂದ ಬಂದ್ಮೇಲೆ ನಾನು ಬರೋವರ್ಗೂ ನೋಡ್ಕೊಳ್ಳಿ ಅಂತ ಗೊತ್ತು ಮಾಡಿದ್ದು."

"ನಂಗೆ ಅವಳೇ ಓಮಾ."

"ಒಂದು ದಿನ ಊಟಕ್ಕೆ ಅವಳ ಹಂಗು ಇಟ್ಕೊಂಡಿದ್ನೇನೇ? ದಿನಾ ಪಾಳಿಗೆ ಹೋಗೋಕೆ ಮುಂಚೆ ಎದ್ದು ಹುಳಿಯನ್ನ ಕಲಸಿ ಡಬ್ಬಿಗೆ ಹಾಕಿ ಇಟ್ಟು ಹೋಗ್ತಿದ್ದೆ. ನಮ್ಮ ಮನೆ ಮಗು ಕಂಡವರ ಮನೇಲಿ ಮೊಟ್ಟೆ ಗಿಟ್ಟೆ ಮುಟ್ಟಬಾರದು ಅಂತ."

ಜಾಹ್ನವಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಮಟಾಟುವಿನ ಹುಡುಗ ಬಾಗಿಲಿಗೆ ನೇತಾಡುತ್ತಾ ಊರಿನ ಹೆಸರುಗಳನ್ನು ಕೂಗುತ್ತಿದ್ದ.

"ಆ ಡಬ್ಬಿ ನಾನು ತಿಂತಾನೇ ಇರ್ಲಿಲ್ಲ ಅಮ್ಮಾ."

"ಏನಂದೆ?"

"ಯಾವತ್ತೂ ತಿಂದಿಲ್ಲ. ನಿನ್ನ ಹುಳಿಯನ್ನ ಓಮಾ ತಿಂತಿದ್ಲು. ಅವಳಿಗೆ ಅದು ತುಂಬಾ ಇಷ್ಟ. ನಾನು ಅವಳ ತಟ್ಟೆಯಿಂದ ತಿಂತಿದ್ದೆ. ಮೊಟ್ಟೆ, ಸಾಸೇಜು, ಎಲ್ಲ. ಆಮೇಲೆ ಇಬ್ರೂ ಸೇರಿ ಡಬ್ಬಿ ತೊಳೀತಿದ್ವಿ. ನಿಂಗೆ ಬೇಜಾರಾಗ್ಬಾರ್ದು ಅಂತ."

ಓಲಿಂಡಾಳಿಗೆ ಜರ್ಮನ್ ಬರದಿದ್ದರೂ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ರೇಡಿಯೋದ ಸದ್ದು ದೊಡ್ಡದು ಮಾಡಿದಳು.

ರುಕ್ಮಿಣಿ ಆ ಡಬ್ಬಿಯನ್ನು ನೆನೆದಳು. ದಿನಾ ಸಂಜೆ ಅದು ಫಳಫಳ ಹೊಳೆಯುತ್ತಾ ಖಾಲಿಯಾಗಿ ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ಅದನ್ನು ನೋಡಿ ದಣಿವೆಲ್ಲ ಮರೆತು, ಮಗು ಹೊಟ್ಟೆ ತುಂಬ ಉಂಡಿದೆ ಎಂದು ಗಂಡನ ಹತ್ತಿರ ಹೇಳಿಕೊಂಡು ಹಿಗ್ಗುತ್ತಿದ್ದಳು. ಅಷ್ಟು ವರ್ಷದ ಹಿಗ್ಗನ್ನು ಮಗಳು ಈಗ ಒಂದೇ ಮಾತಿನಲ್ಲಿ ಕಿತ್ತುಕೊಂಡಳು.

"ಮೋಸ ಮಾಡಿದ್ರಿ ಇಬ್ರೂ ಸೇರಿ," ಎಂದಳು.

"ನೀನು ಮಾಡ್ಲಿಲ್ವಾ? ಓಮಾ ಸತ್ತಾಗ ನಂಗೆ ಹೇಳಿದ್ಯಾ? ಮಣ್ಣು ಮಾಡಿ ಎಲ್ಲಾ ಮುಗಿದ್ಮೇಲೆ ಹೇಳಿದೆ."

"ಪರೀಕ್ಷೆ ಇತ್ತಲ್ಲೇ ನಿಂಗೆ. ಓದೋದು ಕೆಡತ್ತೆ ಅಂತ..."

"ನಾನು ಅಳ್ತಾ ಇದ್ರೆ, ಕೆಳಗಿನ ಮನೆಯವರಿಗೆ ಇಷ್ಟು ಅಳೋದ್ಯಾಕೆ ಅಂತ ಕೇಳ್ದೆ. ನೆನಪಿದ್ಯಾ?"

ರುಕ್ಮಿಣಿಗೆ ನೆನಪಿರಲಿಲ್ಲ. ಹಾಗೆ ಕೇಳಿರಬಹುದು ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ತಾಯಿ ಮಗಳು ಅತಿಥಿಗಳ ಹಾಗೆ ನಡೆದುಕೊಂಡರು. ಕಾಫಿ ಬೇಕಾ, ಬೇಡ, ಫ್ಯಾನ್ ಹಾಕಲಾ, ಪರವಾಗಿಲ್ಲ. ಸಂಕೇತ ಊಟದ ಮೇಜಿನಲ್ಲಿ ಇಬ್ಬರ ಮುಖವನ್ನೂ ನೋಡಿ ಫ್ಯಾಕ್ಟರಿಯ ಕರೆಂಟಿನ ತೊಂದರೆಯ ಬಗ್ಗೆ ಮಾತಾಡುತ್ತಿದ್ದ. ರುಕ್ಮಿಣಿ ಎಲ್ಲರೂ ಮಲಗಿದ ಮೇಲೆ ಅತ್ತಳೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಹಗಲಲ್ಲೇ, ಬಟ್ಟೆ ಒಣಗಹಾಕುತ್ತಾ, ಸತ್ತ ಫ್ರಾವ್ ಹೇಬರ್ಲೆಗೆ ಮನಸಾರೆ ಶಾಪ ಹಾಕುತ್ತಿದ್ದಳು. ನನ್ನ ಅನ್ನ ತಿಂದು ನನ್ನ ಮಗಳನ್ನೂ ತಿಂದೆಯಲ್ಲೇ ಮುದುಕಿ ಎಂದು.

ಬಯಕೆ ಊಟಕ್ಕೆ ದಿನ ಗೊತ್ತಾಗಿತ್ತು. ನೈರೋಬಿಯಲ್ಲಿರುವ ನಾಲ್ಕಾರು ಕನ್ನಡದ ಮನೆಯವರು ಬರುವವರಿದ್ದರು. ಹಸಿರು ಸೀರೆ, ಹಸಿರು ಬಳೆ ಎಲ್ಲ ಸಿದ್ಧವಿತ್ತು. ಬಯಕೆಯ ಊಟವನ್ನು ತವರಿನವರು ಬಡಿಸಬೇಕು, ಬಸುರಿ ಆಸೆಪಟ್ಟದ್ದು ಎಲೆಯ ಮೇಲಿರಬೇಕು. ಹಿಂದಿನ ದಿನ ಬೆಳಿಗ್ಗೆ ರುಕ್ಮಿಣಿ ಏನೋ ತೀರ್ಮಾನ ಮಾಡಿದವಳಂತೆ ಕೆಳಗಿಳಿದು ಓಲಿಂಡಾಳ ಬಾಗಿಲು ಬಡಿದಳು.

"ನಿಮ್ಮ ಮನೇಲಿ ಮೊಟ್ಟೆ ಇದ್ಯಾ?"

ಓಲಿಂಡಾ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮಗೆ ಎಂತಕ್ಕೆ ಮೊಟ್ಟೆ?"

"ಆ ಷ್ಪೆಟ್ಸ್ಲೆ ಮಾಡಬೇಕು. ನೀವು ಹೇಗೆ ಒಡೆಯೋದು ಅಂತ ತೋರಿಸಿ."

"ನಾನೇ ಒಡೆದು ಕೊಡ್ತೇನೆ. ನೀವು ಮುಟ್ಟುದು ಬೇಡ."

"ಬೇಡ. ನಾನೇ ಮಾಡಬೇಕು."

ಜನ್ಮದಲ್ಲಿ ಮೊಟ್ಟೆ ಮುಟ್ಟದ ಕೈ. ಲ್ಯಾಬಿನಲ್ಲಿ ಮನುಷ್ಯರ ಮೈಯಿಂದ ಬಂದದ್ದನ್ನೆಲ್ಲ ಮುಟ್ಟಿತ್ತು, ಆದರೆ ಅಡುಗೆಮನೆಯಲ್ಲಿ ಮೊಟ್ಟೆ ಮುಟ್ಟಿರಲಿಲ್ಲ. ಓಲಿಂಡಾಳ ಅಡುಗೆಮನೆಯಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಮೊದಲನೆಯದನ್ನು ಒಡೆದಾಗ ಚಿಪ್ಪೂ ಲೋಳೆಯೂ ಸೇರಿ ಬೆರಳ ಸಂದಿಯಲ್ಲಿ ಇಳಿಯಿತು. ಬಚ್ಚಲಿಗೆ ಓಡಿ ಕೈ ಉಜ್ಜಿ ಉಜ್ಜಿ ತೊಳೆದಳು. ವಾಪಸು ಬಂದು ಎರಡನೆಯದನ್ನು ಒಡೆದಳು. ಹಿಟ್ಟು ಕಲಸಿ, ಗುಳ್ಳೆ ಬರುವವರೆಗೆ ಬಡಿದಳು. ಅದನ್ನು ನೀರಿಗೆ ಬಿಡಲು ಬೇರೆಯ ಸಾಧನವೇ ಇದೆಯಂತೆ, ನೈರೋಬಿಯಲ್ಲಿ ಅದೆಲ್ಲಿ ಸಿಗಬೇಕು? ರುಕ್ಮಿಣಿ ಮೇಲೆ ಹೋಗಿ ಚಕ್ಕುಲಿ ಒರಳು ತಂದಳು. ಅವಳ ತಾಯಿ ಮಡಿಯಲ್ಲಿ ಚಕ್ಕುಲಿ ಒತ್ತುತ್ತಿದ್ದ ಒರಳು. ಅದರೊಳಗೆ ಮೊಟ್ಟೆಯ ಹಿಟ್ಟು ತುಂಬಿದಳು. ಕುದಿಯುವ ನೀರಿನ ಮೇಲೆ ಹಿಡಿದು ಒತ್ತಿದಳು. ಎಳೆ ಎಳೆಯಾಗಿ ಬಿದ್ದು, ಮುಳುಗಿ, ತೇಲಿ ಬಂತು.

"ಬಂತು ನೋಡಿ!" ಎಂದು 'ದೇವರ ದಯೆ' ಎಂಬಂತೆ ಓಲಿಂಡಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ಸಾಸೇಜ್ ನನ್ನ ಫ್ರಿಜ್ಜಿನಲ್ಲಿ ಉಂಟು. ಹಾಕುವನಾ?"

"ಅಲ್ಲಿಗೆ ನಾನು ಬರಲ್ಲ," ಎಂದಳು ರುಕ್ಮಿಣಿ. ಇಬ್ಬರೂ ನಕ್ಕರು. ಬಂದ ಮೇಲೆ ರುಕ್ಮಿಣಿ ಮನಸಾರೆ ನಕ್ಕದ್ದು ಅದೊಂದೇ ಸಲ.

ಮರುದಿನ ಕೆಳಗೆ ಮತ್ತೆ ಹೊಸದಾಗಿ ಮಾಡಿ ತಂದಿಟ್ಟಳು. ಬೇಳೆಯನ್ನು ಮಾತ್ರ ಅತಿಥಿಗಳು ಬರುವ ಹೊತ್ತಿಗೆ ಬಿಸಿಯಾಗಿ ಮಾಡಬೇಕಿತ್ತು. ಅದು ಇಡೀ ಮಸೂರದ ಕಾಳು, ಇಲ್ಲಿ ಕಮಾಂಡೆ ಎನ್ನುತ್ತಾರೆ. ಅವಳ ತಾಯಿಯ ಮನೆಯಲ್ಲಿ ಅದಕ್ಕೂ ಪ್ರವೇಶವಿರಲಿಲ್ಲ. ಮೊಟ್ಟೆಯೇ ಒಳಗೆ ಬಂದ ಮೇಲೆ ಮಸೂರದ್ದೇನು! ಓಲಿಂಡಾಳ ಫೋನಿನಲ್ಲಿ ನೋಡಿದಂತೆಯೇ ಕಾಳು ಬೇಯಿಸಿ, ಈರುಳ್ಳಿ, ಕ್ಯಾರೆಟ್ಟು, ದಾಲ್ಚಿನ್ನಿ ಎಲೆ ಹಾಕಿ, ವಿನೆಗರ್ ಬಿಟ್ಟಳು. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬಂದವರು ಅರಿಶಿನ ಕುಂಕುಮ ಎಲ್ಲಿ ಎಂದು ಕೂಗಿದರು. ಸಂಕೇತ ಮೈಸೂರಿಗೆ ವಿಡಿಯೋ ಕಾಲ್ ಹಚ್ಚಿ, "ಅತ್ತೆ, ಅಮ್ಮ ಮಾತಾಡ್ಬೇಕಂತೆ," ಎಂದು ಫೋನನ್ನು ಅಡುಗೆಮನೆಗೇ ತಂದ. ಬೀಗಿತ್ತಿಗೆ ಹಲ್ಲು ಕಿರಿಯುತ್ತಾ, ಹೊರಗಿನವರಿಗೆ ಬಂದೆ ಬಂದೆ ಎನ್ನುತ್ತಾ ರುಕ್ಮಿಣಿ ಅಡುಗೆ ಮುಗಿಸಿ ಇಳಿಸಿದಳು.

ಆರತಿಯಾಯಿತು, ಬಳೆ ತೊಡಿಸಿದ್ದಾಯಿತು. ಹಸಿರು ಸೀರೆಯಲ್ಲಿ ಕೂತ ಮಗಳ ಮುಂದೆ ರುಕ್ಮಿಣಿ ಬೆಳ್ಳಿ ತಟ್ಟೆ ಇಟ್ಟಳು. ಹೋಳಿಗೆ, ಕೋಸಂಬರಿಗಳ ನಡುವೆ ಒಂದು ಬಟ್ಟಲು, ಬಟ್ಟಲಿನಲ್ಲಿ ಹಳದಿ ಎಳೆಗಳು, ಮೇಲೆ ಕಂದು ಬೇಳೆ. ಜಾಹ್ನವಿ ಅದನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅವಳ ಕಣ್ಣು ತುಂಬಿತು.

"ನೀನಾ ಮಾಡಿದ್ದು? ಇದ್ರಲ್ಲಿ..."

"ಹೂಂ. ತಿನ್ನು ಮೊದಲು."

"ಅದೇನು ರುಕ್ಮಿಣಿಯವರೇ, ಶ್ಯಾವಿಗೇನಾ?" ಎಂದು ಫೋನಿನೊಳಗಿಂದ ಬೀಗಿತ್ತಿ ಕೇಳಿದರು.

"ಶ್ಯಾವಿಗೆ," ಎಂದಳು ರುಕ್ಮಿಣಿ, ದೇವರ ದೀಪದ ಮುಂದೆಯೇ.

ಜಾಹ್ನವಿ ಒಂದು ಚಮಚ ಬಾಯಿಗೆ ಇಟ್ಟುಕೊಂಡಳು. ರುಕ್ಮಿಣಿ ಆ ಮುಖವನ್ನೇ ನೋಡುತ್ತಾ ನಿಂತಳು, ಲಂಗಾಟಾದ ಗೇಟಿನಲ್ಲಿ ಕಂಡ ಮುಖ ಈಗ ಬರುತ್ತದೆ, ಈಗ ಬರುತ್ತದೆ ಎಂದು. ಜಾಹ್ನವಿ ಅಗಿಯುವುದನ್ನು ನಿಲ್ಲಿಸಿದಳು. ನುಂಗಿದಳು. ಇನ್ನೊಂದು ಚಮಚ ತೆಗೆದುಕೊಂಡು ಎಲ್ಲರ ಕಡೆಗೂ ನಕ್ಕು ಹೇಳಿದಳು, "ಚೆನ್ನಾಗಿದೆಮ್ಮಾ."

ಅತಿಥಿಗಳು ತಾಂಬೂಲ ಹಿಡಿದು ಹೋದ ಮೇಲೆ ಜಾಹ್ನವಿ ಆ ಬಟ್ಟಲನ್ನು ಹಾಗೇ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅರ್ಧದಷ್ಟು ಉಳಿದಿತ್ತು. ರುಕ್ಮಿಣಿ ಪಾತ್ರೆ ಜೋಡಿಸುತ್ತಿದ್ದಳು.

"ಒಗ್ಗರಣೆ ಹಾಕಿದೀಯ," ಎಂದಳು ಜಾಹ್ನವಿ.

"ಏನು?"

"ಬೇಳೆಗೆ. ಸಾಸಿವೆ, ಇಂಗು, ಕರಿಬೇವು."

ರುಕ್ಮಿಣಿ ಒಲೆಯ ಮೇಲೆ ನೋಡಿದಳು. ಒಗ್ಗರಣೆ ಸೌಟು ಅಲ್ಲೇ ಬೋರಲು ಬಿದ್ದಿತ್ತು, ಅದರ ಕೆಳಗೆ ಸಿಡಿದ ಸಾಸಿವೆ. ಹಾಕಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಬೀಗಿತ್ತಿಯ ಜೊತೆ ಮಾತಾಡುತ್ತಿದ್ದಾಗ, ಬೆಂದ ಬೇಳೆ ಕಣ್ಣಿಗೆ ಬಿದ್ದದ್ದೇ ಕೈ ತನ್ನ ಪಾಡಿಗೆ ತಾನು ಎಣ್ಣೆ ಕಾಯಿಸಿಬಿಟ್ಟಿತ್ತು. ಎಷ್ಟೋ ವರ್ಷದ ಅಭ್ಯಾಸದ ಕೈ, ಕೇಳುತ್ತದೆಯೇ?

"ಅಯ್ಯೋ! ಗೊತ್ತೇ ಆಗ್ಲಿಲ್ಲ ಕಣೇ. ಸಾಯಂಕಾಲ ಇನ್ನೊಂದ್ಸಲ ಮಾಡ್ತೀನಿ, ಒಗ್ಗರಣೆ ಇಲ್ದೆ..."

"ಬೇಡಮ್ಮಾ."

"ಕಾಳು ಇನ್ನೂ ಇದೆ. ಮೊಟ್ಟೆನೂ ಇದೆ."

"ಬೇಡ. ಮಾಡ್ಬೇಡ." ಜಾಹ್ನವಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರುಕ್ಮಿಣಿ ತಡೆದುಕೊಳ್ಳುತ್ತಿದ್ದಳೇನೋ. "ನೀನು ಮೊಟ್ಟೆ ಮುಟ್ಟಿದ್ದು ದೊಡ್ಡದು, ನಂಗೊತ್ತು. ನಾನು ಅದನ್ನ ಮರೆಯಲ್ಲ. ಆದ್ರೆ ಬಾಯಿಗಿಟ್ಟಾಗ ಅವಳ ರುಚಿ ಬರತ್ತೆ ಅಂದ್ಕೊಂಡೆ. ನಿನ್ನ ತೊವ್ವೆ ಬಂತು. ಈಗ ಅವಳದ್ದು ಹೇಗಿತ್ತು ಅಂತ ನೆನೆಸ್ಕೊಂಡ್ರೂ ಇಂಗೇ ಬರ್ತಾ ಇದೆ ಅಮ್ಮಾ."

"ಬೇಕು ಅಂತ ಮಾಡ್ಲಿಲ್ವೇ."

"ಅದೇ. ಬೇಕು ಅಂತ ನೀನು ಏನೂ ಮಾಡಲ್ಲ. ಆದ್ರೂ ನಿನ್ನ ಕೈಗೆ ಸಿಕ್ಕಿದ್ದೆಲ್ಲ ನಿಂದೇ ಆಗಿಬಿಡತ್ತೆ. ನನ್ನ ಮಗೂನೂ ಹಾಗೇ ಆಗತ್ತೆ." ಬಟ್ಟಲನ್ನು ಒಂದಿಷ್ಟು ಆಚೆ ಸರಿಸಿ ಹೇಳಿದಳು, "ಬಾಣಂತನಕ್ಕೆ ಅತ್ತೆ ಬರ್ಲಿ. ಅವರು ಹೇಳಿದ್ದಕ್ಕೆ ನಾನು ಬೇಡ ಅನ್ನಬಲ್ಲೆ. ನಿಂಗೆ ಅನ್ನೋಕಾಗಲ್ಲ."

"ನಾನು?"

"ನೀನು ಆಮೇಲೆ ಬಾ. ಅಪ್ಪನ ಜೊತೆ. ಮಗು ನೋಡೋಕೆ."

ನೋಡೋಕೆ. ನೆಂಟರು ಬರುವ ಹಾಗೆ, ತೊಟ್ಟಿಲ ಬಟ್ಟೆ ಸರಿಸಿ ಇಣುಕಿ, ಕೈಗೆ ಉಡುಗೊರೆ ಇಟ್ಟು ಹೋಗಲು. ಬಾಯಿ ತೆರೆದಿದ್ದರೆ ರುಕ್ಮಿಣಿ ಮಗಳ ಕಾಲು ಹಿಡಿದುಕೊಳ್ಳುತ್ತಿದ್ದಳು. ಜಾಹ್ನವಿ ಅವಳ ಭುಜವನ್ನು ಒಮ್ಮೆ ಮುಟ್ಟಿ, ಹಸಿರು ಬಳೆಗಳನ್ನು ಸದ್ದು ಮಾಡಿಸುತ್ತಾ ಮಲಗಲು ಹೋದಳು.

ರುಕ್ಮಿಣಿ ಮಗಳ ಬಟ್ಟಲಿನಲ್ಲಿ ಉಳಿದದ್ದನ್ನು ಪಾತ್ರೆಗೆ ಸುರಿದಳು. ಚೆಲ್ಲಬೇಕೆಂದು ಸಿಂಕಿನವರೆಗೂ ಒಯ್ದಳು. ಆಮೇಲೆ ಏನು ತೋಚಿತೋ, ಬಾಗಿಲು ಮುಂದೆ ಮಾಡಿ, ಒಂದು ಚಮಚ ತೆಗೆದು ಬಾಯಿಗೆ ಇಟ್ಟುಕೊಂಡಳು. ಹುಟ್ಟಿದಾಗಿನಿಂದ ಬಾಯಿಗಿಡದ ಪದಾರ್ಥ. ಮೊಟ್ಟೆಯ ವಾಸನೆ ಎಲ್ಲೂ ಇರಲಿಲ್ಲ. ಹುಳಿ, ಉಪ್ಪು, ಇಂಗು ಎಲ್ಲ ಹದವಾಗಿತ್ತು, ತುಂಬ ರುಚಿಯಾಗಿತ್ತು, ಮಗಳು ಹೇಳಿದಂತೆಯೇ ಅದು ಅಪ್ಪಟ ಅವಳದೇ ಅಡುಗೆಯಾಗಿತ್ತು. ರುಕ್ಮಿಣಿ ಅಲ್ಲೇ ನಿಂತು, ಅಳುತ್ತಾ, ಪಾತ್ರೆ ಖಾಲಿಯಾಗುವವರೆಗೂ ತಿಂದಳು.